ದರಪಟ್ಟಿಯ ಕೊನೆಯ ಸಾಲು: ಸರ್ವರ್ ಸಂಪರ್ಕ ತಂತ್ರಾಂಶದ ಪರವಾನಗಿ ಲೆಕ್ಕ

ಹಳಿಯಾಳದ ಪೇಟೆಯಲ್ಲಿ ಮುಖ್ಯ ಕಚೇರಿ, ದಾಂಡೇಲಿಯಲ್ಲಿ ಕಾರ್ಖಾನೆಗಳಿಗೆ ಸಾಮಗ್ರಿ ಒದಗಿಸುವ ಉಗ್ರಾಣ, ಮುಂಡಗೋಡದಲ್ಲಿ ಭತ್ತದ ಖರೀದಿ ಕೇಂದ್ರ, ಜೋಯಿಡಾದಲ್ಲಿ ಒಬ್ಬನೇ ಗುಮಾಸ್ತನಿರುವ ಶಾಖೆ. ಇಂತಹ ಸಗಟು ವ್ಯವಹಾರವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ನಾಲ್ಕೂ ಊರುಗಳ ಲೆಕ್ಕ ಒಂದೇ ಕಡೆ ಇರಬೇಕೆಂದು ಮಾಲೀಕರು ಹಳಿಯಾಳದ ಕಚೇರಿಯಲ್ಲಿ ಸರ್ವರ್ ಗಣಕವನ್ನು ಇರಿಸಲು ನಿಶ್ಚಯಿಸುತ್ತಾರೆ. ಎಲ್ಲ ಕಡೆ ಸೇರಿ 12 ಪರದೆಗಳು. ಮಾರಾಟಗಾರರ ದರಪಟ್ಟಿಯಲ್ಲಿ ಸರ್ವರ್, ಯುಪಿಎಸ್, ಕೇಬಲ್, ಅಳವಡಿಕೆ ಶುಲ್ಕ ಎಲ್ಲವೂ ಕ್ರಮವಾಗಿ ನಮೂದಾಗಿರುತ್ತವೆ. ಕಟ್ಟಕಡೆಗೆ ‘ಸಂಪರ್ಕ ತಂತ್ರಾಂಶ ಪರವಾನಗಿ: 12’ ಎಂಬ ಸಾಲೊಂದಿರುತ್ತದೆ. ಯಂತ್ರದ ಬೆಲೆಯಲ್ಲಿ ಸಾವಿರ ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವವರು ಸಹ ಈ ಕೊನೆಯ ಸಾಲಿನ ಬಗ್ಗೆ ಪ್ರಶ್ನೆ ಎತ್ತುವುದು ವಿರಳ. ಅಲ್ಲಿ 12 ಎಂಬ ಸಂಖ್ಯೆ ಸರಿಯೇ, 20 ಬೇಕಾಗಿತ್ತೇ ಅಥವಾ ಆ ಸಾಲೇ ಅನಗತ್ಯವಾಗಿತ್ತೇ ಎಂಬುದು ಮಾತ್ರ ಮುಂದಿನ ಐದಾರು ವರ್ಷಗಳ ಖರ್ಚನ್ನು ನಿರ್ಧರಿಸುತ್ತದೆ.

ವೇಷ ಕಟ್ಟುವ ಗಣಕ

ಟರ್ಮಿನಲ್ ಎಂದರೆ ಮೂಲತಃ ಒಂದು ಪರದೆ ಮತ್ತು ಒಂದು ಕೀಲಿಮಣೆ, ಅಷ್ಟೇ. ಲೆಕ್ಕ ಮಾಡುವುದು, ಕಡತ ಇಡುವುದು ಎಲ್ಲವೂ ದೂರದ ದೊಡ್ಡ ಯಂತ್ರದ ಕೆಲಸ. 1971ರಲ್ಲಿ ಬಂದ ಐಬಿಎಂನ 3270, 1978ರಲ್ಲಿ ಬಂದ ಡಿಇಸಿ ಸಂಸ್ಥೆಯ ವಿಟಿ100 ಈ ಬಗೆಯ ಸಾಧನಗಳಲ್ಲಿ ಪ್ರಸಿದ್ಧವಾದವು. ಭಾರತದಲ್ಲಿ 1980 ಮತ್ತು 90ರ ದಶಕಗಳಲ್ಲಿ ಯುನಿಕ್ಸ್ ಯಂತ್ರವೊಂದಕ್ಕೆ ಎಂಟೋ ಹದಿನಾರೋ ಟರ್ಮಿನಲ್‌ಗಳನ್ನು ತಂತಿಯ ಮೂಲಕ ಜೋಡಿಸಿ ಲೆಕ್ಕಪತ್ರ ನಡೆಸುವ ಪದ್ಧತಿ ಬ್ಯಾಂಕು ಹಾಗೂ ಕಾರ್ಖಾನೆಗಳಲ್ಲಿ ರೂಢಿಗೆ ಬಂದಿತು. ಆಗ ಟರ್ಮಿನಲ್ಲಿಗೆ ಪರವಾನಗಿ ಎಂಬ ಮಾತೇ ಇರಲಿಲ್ಲ. ಕುರ್ಚಿ, ಮೇಜುಗಳಂತೆ ಅದೂ ಒಂದು ಸಾಮಾನು. ಬಳಕೆದಾರರ ಸಂಖ್ಯೆಗೆ ಅನುಗುಣವಾದ ಶುಲ್ಕವನ್ನು ಎಸ್‌ಸಿಒ ಮುಂತಾದ ಯುನಿಕ್ಸ್ ಮಾರಾಟ ಸಂಸ್ಥೆಗಳು ಸರ್ವರ್ ಕಡೆಯಲ್ಲಿ ವಸೂಲು ಮಾಡುತ್ತಿದ್ದವು.

ಮೇಜಿನ ಮೇಲೆ ಪಿಸಿ ಬಂದಾಗ ಪ್ರತ್ಯೇಕ ಟರ್ಮಿನಲ್ ಇಡುವುದು ಅನಗತ್ಯವಾಯಿತು. ಪಿಸಿಯೊಳಗಿನ ಒಂದು ತಂತ್ರಾಂಶವೇ ಟರ್ಮಿನಲ್ಲಿನಂತೆ ವರ್ತಿಸತೊಡಗಿತು. ಇದೇ ಟರ್ಮಿನಲ್ ಎಮ್ಯುಲೇಟರ್. ಯಕ್ಷಗಾನದ ಜಿಲ್ಲೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ: ಗಣಕವು ವಿಟಿ100ರ ವೇಷ ಕಟ್ಟುತ್ತದೆ, ಸರ್ವರ್ ಅದನ್ನು ವಿಟಿ100 ಎಂದೇ ನಂಬುತ್ತದೆ. ಆದರೆ ವೇಷಕ್ಕೂ ಬಾಡಿಗೆ ಬಂದಿತು. ಪ್ರತಿ ಪಿಸಿಗೆ ಒಂದರಂತೆ ಎಮ್ಯುಲೇಟರ್ ಪರವಾನಗಿ ಕೊಳ್ಳುವ ಕಾಲ ಅಲ್ಲಿಂದ ಆರಂಭವಾಯಿತು.

ಈ ಪರವಾನಗಿಗಳ ಆಯುಸ್ಸು ಎಷ್ಟು ದೀರ್ಘವೆಂಬುದಕ್ಕೆ ‘ರಿಫ್ಲೆಕ್ಷನ್’ ಎಂಬ ಎಮ್ಯುಲೇಟರಿನ ಕಥೆ ಸಾಕ್ಷಿ. ಎಚ್‌ಪಿ ಸಂಸ್ಥೆಯ ಎಚ್‌ಪಿ 3000 ಎಂಬ ವಾಣಿಜ್ಯ ಸರ್ವರಿನ ಬಳಕೆದಾರರಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿತ್ತು. 1972ರಲ್ಲಿ ಹುಟ್ಟಿದ ಆ ಸರ್ವರನ್ನು ನಿಲ್ಲಿಸುವುದಾಗಿ ಎಚ್‌ಪಿ 2001ರ ನವೆಂಬರಿನಲ್ಲಿ ಪ್ರಕಟಿಸಿತು. ಯಂತ್ರ ಹೋಯಿತು, ಎಮ್ಯುಲೇಟರ್ ಉಳಿಯಿತು. ಅದನ್ನು ರೂಪಿಸಿದ್ದ ಅಮೆರಿಕದ ಡಬ್ಲ್ಯುಆರ್‌ಕ್ಯು 2005ರಲ್ಲಿ ಅಟ್ಯಾಚ್‌ಮೇಟ್ ಜತೆ ಸೇರಿತು. 2014ರಲ್ಲಿ ಮೈಕ್ರೊ ಫೋಕಸ್, 2023ರಲ್ಲಿ ಓಪನ್‌ಟೆಕ್ಸ್ಟ್, 2024ರಲ್ಲಿ ರಾಕೆಟ್ ಸಾಫ್ಟ್‌ವೇರ್ – ಹೀಗೆ ಒಡೆತನ ಕೈಯಿಂದ ಕೈಗೆ ದಾಟಿತು. ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಪರವಾನಗಿಯ ಪುರಾವೆಯನ್ನು ಮೂರನೆಯ ಅಥವಾ ನಾಲ್ಕನೆಯ ಒಡೆಯನೂ ಕೇಳಬಹುದು. ಬಿಲ್ಲು ಗೆದ್ದಲು ತಿಂದಿದ್ದರೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಹಣ ಕೊಡದೆಯೂ ನ್ಯಾಯಸಮ್ಮತ

ಸರ್ವರ್ ಯುನಿಕ್ಸ್ ಅಥವಾ ಲಿನಕ್ಸ್ ಆಗಿದ್ದು, ತಂತ್ರಾಂಶವು ಅಕ್ಷರ ಪರದೆಯಲ್ಲಿ ನಡೆಯುವುದಾದರೆ ಎಮ್ಯುಲೇಟರಿಗೆ ಹಣ ಕೊಡಬೇಕಾದ ಪ್ರಮೇಯ ಈಗ ಬಹುಮಟ್ಟಿಗೆ ಇಲ್ಲ. ಬ್ರಿಟನ್ನಿನ ಸೈಮನ್ ಟಾಥಮ್ 1999ರಲ್ಲಿ ಬಿಡುಗಡೆ ಮಾಡಿದ ‘ಪುಟಿ’ ಎಂಬ ತಂತ್ರಾಂಶವನ್ನು ವ್ಯಾಪಾರಿ ಉದ್ದೇಶಕ್ಕೂ ಶುಲ್ಕವಿಲ್ಲದೆ ಬಳಸಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1981ರಲ್ಲಿ ಆರಂಭವಾದ ಕರ್ಮಿಟ್ ಯೋಜನೆಯ ಸಿ-ಕರ್ಮಿಟ್ 2011ರಲ್ಲಿ ಮುಕ್ತ ಪರವಾನಗಿಗೆ ಬಂದಿತು. ವಿಂಡೋಸ್ 10ರಲ್ಲಿಯೇ 2018ರಿಂದೀಚೆಗೆ ಎಸ್‌ಎಸ್‌ಎಚ್ ಸಂಪರ್ಕದ ಸೌಲಭ್ಯ ಅಡಕವಾಗಿದೆ. ಐಬಿಎಂನ ದೊಡ್ಡ ಯಂತ್ರಗಳಿಗೆ ಎಕ್ಸ್3270, ಎಎಸ್/400 ವಂಶದ ಯಂತ್ರಗಳಿಗೆ ಟಿಎನ್5250 ಎಂಬ ಮುಕ್ತ ತಂತ್ರಾಂಶಗಳಿವೆ.

ಹಾಗಾದರೆ ಹಣ ಕೊಟ್ಟು ಕೊಳ್ಳುವವರು ಏಕೆ ಕೊಳ್ಳುತ್ತಾರೆ? ಒಂದು ಕಾರಣ ಮುದ್ರಣ. ಹಳಿಯಾಳದ ಸರ್ವರಿನಲ್ಲಿ ತಯಾರಾದ ಬಿಲ್ಲು ಮುಂಡಗೋಡದ ಮೇಜಿನ ಮೇಲಿರುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ, ಮೂರು ಪ್ರತಿಯ ಕಾಗದದ ಮೇಲೆ, ಸಾಲು ತಪ್ಪದೆ ಮುದ್ರಣವಾಗಬೇಕು. ಸರ್ವರಿನಿಂದ ಬರುವ ಅಕ್ಷರಗಳನ್ನು ಪರದೆಗೆ ತೋರಿಸದೆ ನೇರವಾಗಿ ಪ್ರಿಂಟರಿಗೆ ದಾಟಿಸುವ ಈ ಕೆಲಸಕ್ಕೆಂದೇ ಎಷ್ಟೋ ಕಚೇರಿಗಳು ದುಬಾರಿ ಎಮ್ಯುಲೇಟರನ್ನು ಉಳಿಸಿಕೊಳ್ಳುತ್ತವೆ. ಪುಟಿಯಲ್ಲೂ ಈ ಅನುಕೂಲವಿದೆ. ಟರ್ಮಿನಲ್ ವಿಭಾಗದ ಹೊಂದಾಣಿಕೆಯಲ್ಲಿ ಪ್ರಿಂಟರಿನ ಹೆಸರು ಆಯ್ಕೆ ಮಾಡಿದರಾಯಿತು. ಮಾರಾಟಗಾರರು ಇದನ್ನು ತಾವಾಗಿ ಹೇಳಬೇಕೆಂದು ನಿರೀಕ್ಷಿಸುವುದು ವ್ಯವಹಾರದ ಲಕ್ಷಣವಲ್ಲ. ಫಂಕ್ಷನ್ ಕೀಲಿಗಳ ಹೊಂದಾಣಿಕೆ, ಪರದೆಯ ಅಂಕಿಗಳನ್ನು ಎಕ್ಸೆಲ್‌ಗೆ ತರುವುದು, ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸಕ್ಕೆ ಮ್ಯಾಕ್ರೊ ಬರೆಯುವುದು – ಇವುಗಳಲ್ಲಿ ಮಾತ್ರ ಹಣ ಕೊಟ್ಟ ತಂತ್ರಾಂಶಗಳಿಗೆ ನಿಜವಾದ ಮೇಲುಗೈ ಇದೆ. ಅಂತಹ ಅಗತ್ಯ ಎರಡು ಮೇಜುಗಳಿಗಿದ್ದರೆ ಎರಡು ಪರವಾನಗಿ ಸಾಕು, ಹನ್ನೆರಡು ಬೇಕಿಲ್ಲ.

ಅಕ್ಷರ ಪರದೆಗೆ ಮಲೆನಾಡಿನಲ್ಲಿ ಇನ್ನೊಂದು ಅನುಕೂಲವೂ ಉಂಟು. ತಂತಿಯಲ್ಲಿ ಚಿತ್ರ ಹರಿಯುವುದಿಲ್ಲ, ಅಕ್ಷರಗಳಷ್ಟೇ ಹರಿಯುತ್ತವೆ. ಮಳೆಗಾಲದಲ್ಲಿ ಜೋಯಿಡಾದಂತಹ ಕಾಡಿನ ಊರಿನ ಸಂಪರ್ಕ ಕ್ಷೀಣವಾದಾಗಲೂ ಅದು ತೆವಳುತ್ತಾದರೂ ನಡೆಯುತ್ತದೆ. ಸಂಪರ್ಕ ಪೂರ್ತಿ ಕಡಿದಾಗ ಅರ್ಧ ಬರೆದ ಬಿಲ್ಲು ನಷ್ಟವಾಗದಂತೆ ಲಿನಕ್ಸ್ ಸರ್ವರಿನಲ್ಲಿ ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿಕೊಳ್ಳಬೇಕು. ಹಳೆಯ ಟೆಲ್‌ನೆಟ್ ಸಂಪರ್ಕವನ್ನು ಮಾತ್ರ ಊರಿಂದೂರಿಗೆ ಬಳಸಬಾರದು. ಅದರಲ್ಲಿ ಗುಪ್ತಪದವು ಅಂಚೆ ಕಾರ್ಡಿನ ಬರಹದಂತೆ ಬಯಲಾಗಿ ಸಾಗುತ್ತದೆ. ಉಚಿತ ಎಂದ ಮಾತ್ರಕ್ಕೆ ನಿಗಾ ಬೇಡವೆಂದೂ ಅಲ್ಲ. ಪುಟಿಯಲ್ಲಿ ಒಂದು ಬಗೆಯ ಕೀಲಿಗೆ ಸಂಬಂಧಿಸಿದ ಗಂಭೀರ ದೋಷ 2024ರಲ್ಲಿ ಬೆಳಕಿಗೆ ಬಂದು 0.81ನೇ ಆವೃತ್ತಿಯಲ್ಲಿ ಸರಿಹೋಯಿತು. ಅದರ ಹೆಸರಿನಲ್ಲಿ ನಕಲಿ ಪ್ರತಿಗಳನ್ನು ಹರಡುವವರೂ ಇದ್ದಾರೆ.

ವಿಂಡೋಸ್ ಸರ್ವರ್: ತಲೆ ಎಣಿಕೆಯೋ, ಯಂತ್ರ ಎಣಿಕೆಯೋ?

ಇಂದಿನ ಸಣ್ಣ ವ್ಯವಹಾರಗಳಲ್ಲಿ ಲೆಕ್ಕಪತ್ರವೆಂದರೆ ಬಹುಪಾಲು ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯ ಉತ್ಪನ್ನವದು. ಅದರ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರನಿಗೆ. ಗೋಲ್ಡ್ ಒಂದೇ ಕಚೇರಿಯ ಜಾಲದಲ್ಲಿರುವ ಅನೇಕರಿಗೆ. ಗೋಲ್ಡ್‌ನ ಬೆಲೆ ಸಿಲ್ವರಿನ ಮೂರರಷ್ಟಿರುವುದು ವಾಡಿಕೆಯಾದ್ದರಿಂದ, ಮೂರಕ್ಕಿಂತ ಹೆಚ್ಚು ಮೇಜುಗಳಿರುವಲ್ಲಿ ಗೋಲ್ಡ್ ಅಗ್ಗವೆಂಬುದು ಸರಳ ಲೆಕ್ಕ. ತೊಡಕು ಬರುವುದು ಶಾಖೆಗಳಲ್ಲಿ. ದಾಂಡೇಲಿ, ಮುಂಡಗೋಡಗಳವರು ಹಳಿಯಾಳದ ಟ್ಯಾಲಿಯನ್ನು ತೆರೆಯಲು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಾರೆ. ಟರ್ಮಿನಲ್ಲಿನ ಹಳೆಯ ತತ್ವವೇ ಇದು, ಅಕ್ಷರದ ಬದಲು ಚಿತ್ರ. ಶಾಖೆಯ ಪಿಸಿಯಲ್ಲಿರುವ ಸಂಪರ್ಕ ತಂತ್ರಾಂಶ ಉಚಿತ. ವೆಚ್ಚ ಅಡಗಿರುವುದು ಸರ್ವರ್ ಕಡೆಯಲ್ಲಿ, ಅದೂ ಮೂರು ಪದರಗಳಲ್ಲಿ: ವಿಂಡೋಸ್ ಸರ್ವರಿನದೇ ಪರವಾನಗಿ, ಅದನ್ನು ಪ್ರವೇಶಿಸುವ ಪ್ರತಿಯೊಬ್ಬರಿಗೆ ಅಥವಾ ಪ್ರತಿ ಯಂತ್ರಕ್ಕೆ ಸಾಮಾನ್ಯ ಪ್ರವೇಶ ಪರವಾನಗಿ, ಅದರ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಪ್ರವೇಶ ಪರವಾನಗಿ. ಮೊದಲೆರಡನ್ನು ಕೊಂಡು ಮೂರನೆಯದನ್ನು ಮರೆಯುವುದು, ಅಥವಾ ಮರೆತಂತೆ ಇರುವುದು, ಮೇಲಿಂದ ಮೇಲೆ ನಡೆಯುತ್ತದೆ.

ಮರೆತರೂ ಮೊದಲ ದಿನ ಏನೂ ಆಗುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಸೇವೆಗೆ 120 ದಿನಗಳ ವಿನಾಯಿತಿ ಅವಧಿ ಇದೆ. ಏಪ್ರಿಲ್ 1ರಂದು ಅಳವಡಿಸಿದ ಸರ್ವರ್ ಜುಲೈ ಕೊನೆಯವರೆಗೆ ಎಲ್ಲ ಶಾಖೆಗಳಿಗೂ ತೆರೆದಿರುತ್ತದೆ. ಅನಂತರ ಒಂದು ಬೆಳಗ್ಗೆ ಎಲ್ಲ ಶಾಖೆಗಳಿಗೂ ಬಾಗಿಲು ಹಾಕುತ್ತದೆ. ಅಷ್ಟರಲ್ಲಿ ಮಾರಾಟಗಾರರ ಬಿಲ್ಲು ಚುಕ್ತಾ ಆಗಿರುತ್ತದೆ. ಇಂತಹ ಬೆಳಗ್ಗೆ ಸಿಗುವ ಸಲಹೆಗಳಲ್ಲಿ ಎರಡು ಅಪಾಯಕಾರಿ. ವಿನಾಯಿತಿ ಅವಧಿಯನ್ನು ಅಳಿಸಿ ಹೊಸದಾಗಿ ಆರಂಭಿಸುವ ಕೈಚಳಕ ಒಂದು. ಆಡಳಿತಗಾರರ ಉಪಯೋಗಕ್ಕೆಂದು ಸರ್ವರಿನೊಂದಿಗೇ ಬರುವ ಎರಡು ಸಂಪರ್ಕಗಳಲ್ಲಿ ದಿನನಿತ್ಯದ ಬಿಲ್ಲು ಬರೆಸುವುದು ಇನ್ನೊಂದು. ಆ ಎರಡು ಸಂಪರ್ಕಗಳು ಸರ್ವರ್ ನಿರ್ವಹಣೆಗೆ ಮಾತ್ರ ಮೀಸಲು.

ಈಗ ಎಣಿಕೆ. ಪರವಾನಗಿಯನ್ನು ತಲೆಗೊಂದರಂತೆಯೂ ಕೊಳ್ಳಬಹುದು, ಯಂತ್ರಕ್ಕೊಂದರಂತೆಯೂ ಕೊಳ್ಳಬಹುದು. ಮೇಲೆ ಕಲ್ಪಿಸಿಕೊಂಡ ವ್ಯವಹಾರದಲ್ಲಿ ಹಳಿಯಾಳದಲ್ಲಿ ಮಾಲೀಕರೂ ಸೇರಿ 5 ಮಂದಿಗೆ 5 ಪರದೆ, ಮುಂಡಗೋಡದಲ್ಲಿ 2 ಮಂದಿಗೆ 2, ಜೋಯಿಡಾದಲ್ಲಿ ಒಬ್ಬರಿಗೆ 1. ದಾಂಡೇಲಿಯ ಉಗ್ರಾಣದಲ್ಲಿ 4 ಪರದೆಗಳಿವೆ, ಆದರೆ ಕಾರ್ಖಾನೆಯ ಪಾಳಿಗೆ ಹೊಂದಿಕೊಂಡು ಮೂರು ಪಾಳಿಗಳಲ್ಲಿ 12 ಮಂದಿ ಅವುಗಳ ಮುಂದೆ ಕೂಡುತ್ತಾರೆ. ತಲೆ ಎಣಿಸಿದರೆ 20. ಯಂತ್ರ ಎಣಿಸಿದರೆ 12, ಜತೆಗೆ ಮಾಲೀಕರ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಸೇರಿ 14. ಇಲ್ಲಿ ಯಂತ್ರದ ಎಣಿಕೆಯೇ ಲಾಭ. ದಾಂಡೇಲಿಯಲ್ಲಿ ಒಂದೇ ಪಾಳಿ ಇದ್ದು, ಮಾಲೀಕರ ಇಬ್ಬರು ಮಕ್ಕಳೂ ಮನೆಯ ಗಣಕ, ಮೊಬೈಲುಗಳಿಂದ ಲೆಕ್ಕ ನೋಡುವವರಾಗಿದ್ದರೆ ಫಲಿತಾಂಶ ತಿರುವುಮುರುವಾಗುತ್ತಿತ್ತು. ಒಂದು ಸರ್ವರನ್ನು ಒಂದು ಎಣಿಕೆ ಕ್ರಮಕ್ಕೆ ಮಾತ್ರ ಹೊಂದಿಸಲು ಸಾಧ್ಯವಾದ್ದರಿಂದ ಈ ತೀರ್ಮಾನ ಖರೀದಿಗೆ ಮೊದಲೇ ಆಗಬೇಕು. ‘ಒಮ್ಮೆಗೆ ಎಂಟು ಮಂದಿಗಿಂತ ಹೆಚ್ಚು ಕೂಡುವುದಿಲ್ಲ, ಎಂಟೇ ಸಾಕು’ ಎಂಬ ವಾದಕ್ಕೆ ಮೈಕ್ರೊಸಾಫ್ಟ್‌ನ ಕ್ರಮದಲ್ಲಿ ಅವಕಾಶವಿಲ್ಲ. ಕೆಲವು ಎಮ್ಯುಲೇಟರ್ ತಯಾರಕರು ಮಾತ್ರ ಏಕಕಾಲದ ಬಳಕೆಯ ಎಣಿಕೆಯನ್ನು ಒಪ್ಪುತ್ತಾರೆ. ಹೊಸ ಆವೃತ್ತಿಯ ಪ್ರವೇಶ ಪರವಾನಗಿ ಹಳೆಯ ಸರ್ವರಿಗೆ ಸಲ್ಲುತ್ತದೆ, ಹಳೆಯದು ಹೊಸ ಸರ್ವರಿಗೆ ಸಲ್ಲುವುದಿಲ್ಲ ಎಂಬುದನ್ನೂ ಅಗ್ಗದ ಹಳೆಯ ಪರವಾನಗಿ ಹುಡುಕುವವರು ಗಮನಿಸಬೇಕು.

ಕಾನೂನು ಮತ್ತು ತೆರಿಗೆ

ಪರವಾನಗಿಯಿಲ್ಲದ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವುದು 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಕಲಮಿನ ಪ್ರಕಾರ ಅಪರಾಧ. ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಬಳಕೆ ಲಾಭಕ್ಕಾಗಿ ಅಥವಾ ವ್ಯಾಪಾರದ ಸಂಬಂಧ ಆಗಿರದಿದ್ದರೆ ನ್ಯಾಯಾಲಯವು ಕಾರಾವಾಸವನ್ನು ಬಿಡಬಹುದು. ಅಂಗಡಿಯ ಗಣಕಕ್ಕೆ ಆ ರಿಯಾಯಿತಿಯ ಬಾಗಿಲು ಮುಚ್ಚಿದೆ.

ಕೊಳ್ಳುವುದು ತಂತ್ರಾಂಶವನ್ನೋ, ಬಳಸುವ ಹಕ್ಕನ್ನೋ ಎಂಬ ಪ್ರಶ್ನೆಯೇ ಹಲವು ವರ್ಷ ನ್ಯಾಯಾಲಯಗಳಲ್ಲಿ ಸುತ್ತಿತು. ಸಿದ್ಧ ತಂತ್ರಾಂಶದ ಪ್ರತಿ ಮಾರಾಟ ತೆರಿಗೆಯ ದೃಷ್ಟಿಯಿಂದ ಸರಕೇ ಎಂದು ಸರ್ವೋಚ್ಚ ನ್ಯಾಯಾಲಯವು ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ 2004ರಲ್ಲಿ ತೀರ್ಪಿತ್ತಿತು. ಆದಾಯ ತೆರಿಗೆಯ ಕಡೆಯಲ್ಲಿ ವ್ಯಾಜ್ಯ ಬೇರೆ ದಾರಿ ಹಿಡಿಯಿತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಸಂಸ್ಥೆ ಅಮೆರಿಕದಿಂದ ಸಿದ್ಧ ತಂತ್ರಾಂಶ ತರಿಸಿಕೊಂಡಾಗ, ಪಾವತಿ ರಾಯಧನವೆಂದೂ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಿತ್ತೆಂದೂ ಬೆಂಗಳೂರಿನ ತೆರಿಗೆ ಅಧಿಕಾರಿಗಳು ವಾದಿಸಿದರು. ಇಂತಹ ಪ್ರಕರಣಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2011ರಲ್ಲಿ ಇಲಾಖೆಯ ಪರ ತೀರ್ಪು ನೀಡಿತು. 2021ರ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಬಳಸಲು ಮಾತ್ರ ಅನುಮತಿ ಕೊಡುವ ಪರವಾನಗಿಯಲ್ಲಿ ಕೃತಿಸ್ವಾಮ್ಯ ಕೈ ಬದಲಾಗುವುದಿಲ್ಲ, ಆದ್ದರಿಂದ ತೆರಿಗೆ ಒಪ್ಪಂದವಿರುವ ದೇಶದ ಮಾರಾಟಗಾರರಿಗೆ ಕೊಟ್ಟ ಆ ಹಣ ರಾಯಧನವಲ್ಲ. ವಿದೇಶದಿಂದ ನೇರವಾಗಿ ತಂತ್ರಾಂಶ ತರಿಸುವ ಸಣ್ಣ ಕೈಗಾರಿಕೆಗೂ ಈ ತೀರ್ಪಿನಿಂದ ಅನುಕೂಲವಿದೆ.

ಜಿಎಸ್‌ಟಿಯಲ್ಲಿ ತಂತ್ರಾಂಶ ಪರವಾನಗಿಯ ದರ ಶೇ 18. ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇದ್ದರೆ ಹೂಡುವಳಿ ತೆರಿಗೆ ಜಮಾ ಪಡೆಯಬಹುದು. ಮಾಲೀಕರ ಸ್ವಂತ ಹೆಸರಿನಲ್ಲಿ ಬಿಲ್ಲು ಬಂದರೆ ಅದು ಕೈತಪ್ಪುತ್ತದೆ. ವಿದೇಶಿ ಸಂಸ್ಥೆಯಿಂದ ಕಾರ್ಡಿನ ಮೂಲಕ ಕೊಂಡಾಗ ಹಿಮ್ಮೊಗ ಕ್ರಮದಲ್ಲಿ ಕೊಂಡವರೇ ತೆರಿಗೆ ಕಟ್ಟಿ ಜಮಾ ಪಡೆಯಬೇಕು. ಗಣಕ ಹಾಗೂ ತಂತ್ರಾಂಶಗಳ ಸವಕಳಿ ದರ 2017ರ ಏಪ್ರಿಲ್‌ನಿಂದ ಶೇ 60ರ ಬದಲು ಶೇ 40 ಆಗಿದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಆಸ್ತಿಗೆ ಅದರ ಅರ್ಧ ಮಾತ್ರ. ಸೆಪ್ಟೆಂಬರಿನೊಳಗೆ ಬಳಕೆಗೆ ತಂದ ಪರವಾನಗಿಗೆ ಆ ವರ್ಷವೇ ಶೇ 40 ಸವಕಳಿ ದೊರೆತರೆ, ಮಾರ್ಚ್ ಕೊನೆಯ ವಾರದ ಅವಸರದಲ್ಲಿ ಕೊಂಡದ್ದಕ್ಕೆ ದೊರೆಯುವುದು ಶೇ 20.