ಅಪ್ಪ ತಿದ್ದಿದ ಬೋರ್ಡು

ಶಹಾಪುರದ ನಮ್ಮ ಮನೆ ಮುಂದೆ 1986ರ ಪ್ರೀಮಿಯರ್ ಪದ್ಮಿನಿ ನಿಂತಿದೆ. ಅಪ್ಪ ಅದನ್ನು ಬಾಡಿಗೆಗೆ ಓಡಿಸಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಮೊಣಕಾಲು ನೋವು ಶುರುವಾದ ಮೇಲೆ ಸ್ಟೀರಿಂಗ್ ಮುಟ್ಟಿಲ್ಲ, ಕಾರಿನ ಮಾತೂ ಎತ್ತುತ್ತಿರಲಿಲ್ಲ.

ಕಲಬುರಗಿಯಲ್ಲಿ ಹಳೆ ಕಾರುಗಳ ಸಣ್ಣ ಪ್ರದರ್ಶನ ಅಂತ ಗೊತ್ತಾದಾಗ ನಾನೇ ಹೆಸರು ಕೊಟ್ಟೆ. ಕಾರಿನ ಪಕ್ಕ ಮಾಹಿತಿ ಬೋರ್ಡು ಇಡಬೇಕಿತ್ತು. ಬೆಂಗಳೂರಿನಲ್ಲೇ ಕೂತು ಲ್ಯಾಪ್‌ಟಾಪಲ್ಲಿ ಹದಿನಾಲ್ಕು ಸಾಲು ಬರೆದೆ: ಇಟಲಿಯ ಫಿಯಾಟ್ 1100 ಮೂಲ, ಮುಂಬೈ ಕುರ್ಲಾ ಕಾರ್ಖಾನೆ, 1089 ಸಿಸಿ, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಕೊನೆಗೆ ‘ಎಲ್ಲವೂ ಒರಿಜಿನಲ್’.

ಊರಿಗೆ ಹೋಗಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ಓದಿದರು.

“ತಮ್ಮಾ, ಡೀಸೆಲ್ ಇಂಜಿನ್ ಕೂಡ್ಸಿ ಎಷ್ಟ್ ವರ್ಷ ಆಯ್ತು? ಒರಿಜಿನಲ್ ಅಂತ ಯಾಕ ಬರದೀದಿ?”

“ಬಾನೆಟ್ ಎತ್ತಿ ಯಾರು ನೋಡ್ತಾರಪ್ಪ?”

“ಎತ್ತೂದ್ಯಾಕ? ಚಾಲೂ ಮಾಡಿದ್ರ ಸಪ್ಪಳನ ಹೇಳ್ತದ.”

ನನಗೆ ಮುಖ ತೋರಿಸಲು ನಾಚಿಕೆಯಾಯಿತು. “ಹಂಗಾದ್ರ ಏನ್ ಬರೀಬೇಕು?” ಅಂದೆ. ಅಪ್ಪ ಅವತ್ತು ರಾತ್ರಿ ಊಟ ಆದ ಮೇಲೂ ಹೇಳುತ್ತಲೇ ಇದ್ದರು. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ದುಡಿಯಲು ಮುಂಬೈಗೆ ಹೋಗುವವರು ಯಾದಗಿರಿ ಸ್ಟೇಷನ್ನಿಗೇ ಹೋಗಬೇಕು. ಗಂಟುಮೂಟೆ ಕಟ್ಟಿಕೊಂಡ ಎಷ್ಟೋ ಕುಟುಂಬಗಳನ್ನು ಈ ಕಾರೇ ಅಲ್ಲಿಗೆ ಮುಟ್ಟಿಸಿತ್ತು. ಮುಂಬೈಯಲ್ಲಿ ಹುಟ್ಟಿದ ಕಾರು ನಮ್ಮವರನ್ನು ಮುಂಬೈ ರೈಲು ಹತ್ತಿಸಿದೆ. ಇದು ನನಗೆ ಮೂವತ್ತು ವರ್ಷ ಗೊತ್ತೇ ಇರಲಿಲ್ಲ.

ಹದಿನಾಲ್ಕು ಸಾಲು ಐದಕ್ಕಿಳಿಯಿತು. ಅದರಲ್ಲೊಂದು: ‘ಇಂಜಿನ್ ಬದಲಾಗಿದೆ, ಈಗ ಡೀಸೆಲ್.’

ಬೋರ್ಡು ಹೀಗೆ ಆಯ್ತು

ಮೂರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ತಗೊಂಡು, ಅಂಚು ಉಜ್ಜಿ, ಪ್ರೈಮರ್ ಹಚ್ಚಿ ಒಣಗಿಸಿದೆ. ಹಿಂದೆ ಹಿಂಜ್ ಹಾಕಿ ಕಾಲು ಕೊಟ್ಟೆ; ಕಾಲು ಜಾರದಂತೆ ಒಂದು ತುಂಡು ಸರಪಳಿ. ಕಾರಿಗೆ ಒರಗಿಸಬೇಡಿ, ಗಾಳಿಗೆ ಬಿದ್ದರೆ ಬಣ್ಣ ಕೆರೆಯುತ್ತದೆ. ಕಾಲಿಗೆ ಉಸುಕಿನ ಚೀಲ ಕಟ್ಟಿ. ಬಿಸಿಲಲ್ಲಿ ಮಿರಮಿರ ಮಿಂಚುವ ಬಣ್ಣದ ಮೇಲೆ ಓದಲಾಗದು, ಹಿನ್ನೆಲೆಗೆ ಮ್ಯಾಟ್ ಬಣ್ಣವೇ ಸರಿ.

ಅಕ್ಷರಕ್ಕೆ ಸುರಪುರದ ಒಬ್ಬ ಪೇಂಟರ್ ಹತ್ರ ಹೋದೆವು. ಹತ್ತಡಿ ದೂರದಿಂದ ಆರಾಮಾಗಿ ಓದಲು ಅಕ್ಷರ ಒಂದಿಂಚು ಎತ್ತರ ಇರಬೇಕು ಅನ್ನುವ ಲೆಕ್ಕ ನಾನು ಓದಿಕೊಂಡಿದ್ದೆ. ಅವರು ನಕ್ಕರು: “ಅದು ಇಂಗ್ಲಿಷಿನ ಲೆಕ್ಕರೀ. ಕನ್ನಡಕ್ಕ ಒತ್ತಕ್ಷರ ಅದಾವಲ್ಲ, ಅವು ಎಲ್ಲಿ ಕೂಡಬೇಕು?” ‘ಪದ್ಮಿನಿ’ಯ ಮಕಾರದ ಒತ್ತು ಕೆಳಗಿನ ಸಾಲಿಗೆ ತಾಗಬಾರದು. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದು, ಸಾಲಿನ ನಡುವೆ ಧಾರಾಳ ಜಾಗ ಬಿಟ್ಟರು. ನನ್ನ ಹದಿನಾಲ್ಕು ಸಾಲು ಇದ್ದಿದ್ದರೆ ಬೋರ್ಡಿನಲ್ಲಿ ಹಿಡಿಸುತ್ತಲೇ ಇರಲಿಲ್ಲ!

ಪ್ರದರ್ಶನದ ದಿನ ನಮ್ಮದಕ್ಕಿಂತ ಫಳಫಳ ಹೊಳೆಯುವ ಕಾರುಗಳು ಬೇಕಾದಷ್ಟಿದ್ದವು. ಆದರೆ ಬೋರ್ಡು ಓದಿ ಒಬ್ಬ ಹಿರಿಯರು ನಿಂತರು. “ಯಾದಗಿರಿ ಸ್ಟೇಷನ್ನಿಗೆ ನಾವೂ ಇಂಥಾದ್ರಾಗೇ ಹೋಗಿದ್ವಿ” ಅಂದರು. ಡೀಸೆಲ್ ಸಾಲಿಗೆ ಬೆರಳಿಟ್ಟು, “ಯಾವ ಇಂಜಿನ್?” ಅಂತ ಕೇಳಿದರು. ಅಪ್ಪ ಕುರ್ಚಿಯಿಂದ ಎದ್ದು ತಾವೇ ಬಾನೆಟ್ ಎತ್ತಿದರು. ಅರ್ಧ ಗಂಟೆ ಮಾತಾಡಿದರು.

ನಿಮ್ಮ ಮನೆಯಲ್ಲೂ ಹಳೆ ಗಾಡಿ ಇದ್ದರೆ ಬೋರ್ಡು ಮಾಡಿ. ಗೂಗಲ್ ಮಾಡೋದು ಆಮೇಲೆ, ಮೊದಲು ಅದನ್ನು ಓಡಿಸಿದವರನ್ನು ಕೇಳಿ.