ಮಗಳ ಹೆಸರಿನ ಪಾಸ್‌ಬುಕ್ಕು

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ನಾನು ಹುಟ್ಟಿ ಬೆಳೆದ ಉಡುಪಿಯಲ್ಲಂತೂ ಅದು ಬರಿಯ ಗಾದೆಯಾಗಿ ಉಳಿಯದೆ ಬ್ಯಾಂಕುಗಳ ರೂಪವನ್ನೇ ತಳೆದಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು — ಹೀಗೆ ಒಂದೇ ಜಿಲ್ಲೆಯ ಜನರ ಮಿತವ್ಯಯದಿಂದ ಮೈದಳೆದ ಸಂಸ್ಥೆಗಳವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ‘ಪಿಗ್ಮಿ’ ಠೇವಣಿಯ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಸ್ವೀಕರಿಸುತ್ತಿದ್ದರು. ಇಂತಹ ನೆಲದಿಂದ ಹೊರಟ ನಾನು 1978ರಲ್ಲಿ ಕುವೈತಿನ ಕಟ್ಟಡ ಗುತ್ತಿಗೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗವನ್ನು ಸೇರಿದೆ. ಮರುವರ್ಷ ಮಗಳು ಹುಟ್ಟಿದಳು. ಅವಳಿಗಾಗಿ ನಾವು ಕೂಡಿಟ್ಟುದರ, ಕಳೆದುಕೊಂಡುದರ ಮತ್ತು ಬಹಳ ತಡವಾಗಿ ಅರಿತುಕೊಂಡುದರ ಕಥೆಯನ್ನು ಸಮ್ಮೇಳನದ ಬಂಧುಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಅಮೆರಿಕಕ್ಕೋ ಇಂಗ್ಲೆಂಡಿಗೋ ವಲಸೆ ಹೋದವರ ಉಳಿತಾಯಕ್ಕೂ ಕೊಲ್ಲಿಯವರ ಉಳಿತಾಯಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಕುವೈತಿನಲ್ಲಿ ನಮಗೆ ಪೌರತ್ವವಿಲ್ಲ, ಪಿಂಚಣಿಯಿಲ್ಲ. ಕೆಲಸ ಮುಗಿದ ದಿನ ವಾಸದ ಪರವಾನಗಿಯೂ ಮುಗಿಯತೊಡಗುತ್ತದೆ. 2010ರ ಖಾಸಗಿ ವಲಯದ ಕಾರ್ಮಿಕ ಕಾಯಿದೆಯಂತೆ ಮಾಸಿಕ ವೇತನ ಪಡೆಯುವವನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 15 ದಿನಗಳ, ಅನಂತರ ವರ್ಷಕ್ಕೆ ಒಂದು ತಿಂಗಳ ಸಂಬಳ ನಿವೃತ್ತಿ ಪರಿಹಾರವಾಗಿ ದೊರೆಯುತ್ತದೆ; ಎಷ್ಟೇ ವರ್ಷ ದುಡಿದರೂ ಒಟ್ಟು ಒಂದೂವರೆ ವರ್ಷದ ವೇತನವನ್ನು ಅದು ಮೀರುವಂತಿಲ್ಲ. ಮಕ್ಕಳು ಭಾರತೀಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿಯವರೆಗೆ ಓದಿ, ಮುಂದಿನ ವ್ಯಾಸಂಗಕ್ಕೆ ಬಹುಮಟ್ಟಿಗೆ ಊರಿಗೇ ಮರಳುತ್ತಾರೆ. ಆದುದರಿಂದ ಕೊಲ್ಲಿಯ ತಂದೆತಾಯಿಗಳ ಕಣ್ಣೆದುರು ಸದಾ ನಿಂತಿರುವುದು ಮಗುವಿನ ಹದಿನೆಂಟನೆಯ ವಯಸ್ಸು. ಅದರೊಳಗೆ ಎಲ್ಲವೂ ಸಿದ್ಧವಾಗಿರಬೇಕು.

ನಮ್ಮ ಸಿದ್ಧತೆಗೆ ಮೂರು ಮುಖಗಳಿದ್ದವು. ಮೊದಲನೆಯದು, ಊರಿನ ಬ್ಯಾಂಕಿನಲ್ಲಿ ಅನಿವಾಸಿ ಖಾತೆಯ ಠೇವಣಿ. ಎರಡನೆಯದು, ಮುಬಾರಕಿಯಾ ಪೇಟೆಯಲ್ಲಿ ವರ್ಷಕ್ಕೊಮ್ಮೆ ನನ್ನ ಪತ್ನಿ ಆರಿಸಿ ಕೊಳ್ಳುತ್ತಿದ್ದ ಬಂಗಾರ. ಮೂರನೆಯದು ಚೀಟಿ. ಸಾಲ್ಮಿಯಾದ ನಮ್ಮ ನೆರೆಹೊರೆಯ ಹನ್ನೆರಡು ಜನ 1990ರ ಜನವರಿಯಲ್ಲಿ ತಿಂಗಳಿಗೆ 50 ದಿನಾರುಗಳ ಚೀಟಿಯೊಂದನ್ನು ಕಟ್ಟಿದೆವು. ಪ್ರತಿ ತಿಂಗಳೂ ಒಬ್ಬರಿಗೆ 600 ದಿನಾರು. ಅವಸರದ ಅಗತ್ಯವಿದ್ದವರು ಮೊದಲು ಪಡೆಯಲಿ ಎಂದು ನಾನು ಡಿಸೆಂಬರಿನ ಕೊನೆಯ ಸರದಿಯನ್ನು ಕೇಳಿ ಪಡೆದಿದ್ದೆ. ಕಾಗದವಿಲ್ಲ, ಸಹಿಯಿಲ್ಲ, ಪರಸ್ಪರ ವಿಶ್ವಾಸವೇ ಅದರ ಜಾಮೀನು.

ಎಂಟನೆಯ ಕಂತಿನ ದಿನ ಬರಲೇ ಇಲ್ಲ. 1990ರ ಆಗಸ್ಟ್ 2ರ ಮುಂಜಾವಿನಲ್ಲಿ ಇರಾಕಿನ ಸೇನೆ ಕುವೈತನ್ನು ಹೊಕ್ಕಿತು. ಮೂರು ಡಾಲರಿಗೂ ಮಿಗಿಲಾದ ಬೆಲೆಯಿದ್ದ ನಮ್ಮ ದಿನಾರನ್ನು ಇರಾಕಿ ದಿನಾರಿಗೆ ಸಮವೆಂದು ಘೋಷಿಸಲಾಯಿತು. ಪೇಟೆಯಲ್ಲಿ ಇರಾಕಿ ದಿನಾರಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಬಲ್ಲವರಿಗೆ ಇದರ ಅರ್ಥ ತಿಳಿಯದಿರಲಿಲ್ಲ. ಮನೆಯಲ್ಲಿದ್ದ 400 ದಿನಾರು ನಗದು ಅಕ್ಕಿ, ಬ್ರೆಡ್ಡು ಮತ್ತು ಬಸ್ಸಿನ ಬಾಡಿಗೆಯಾಗಿ ಕರಗಿತು. ಬಂಗಾರದ ಬಹುಭಾಗ ದಾರಿಯ ತನಿಖೆಗೆ ಹೆದರಿ ಮನೆಯಲ್ಲಿಯೇ ಅಡಗಿಸಿಟ್ಟುದು. ಮರಳಿ ಬಂದಾಗ ಬಾಗಿಲೂ ಇರಲಿಲ್ಲ, ಬಂಗಾರವೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ನಾವು ಮೂವರು ಬಸ್ರಾ, ಬಾಗ್ದಾದ್ ಮಾರ್ಗವಾಗಿ ಜೋರ್ಡಾನಿನ ಗಡಿಯನ್ನು ತಲುಪಿ, ಡೇರೆಗಳಲ್ಲಿ ದಿನಗಳನ್ನು ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದೆವು. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ವರೆಗಿನ ಸುಮಾರು ಎರಡು ತಿಂಗಳಲ್ಲಿ ಐನೂರರ ಸಮೀಪ ಹಾರಾಟಗಳ ಮೂಲಕ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹೀಗೆ ಕರೆತಂದುದು ಈಗ ಇತಿಹಾಸ. ನಮ್ಮ ಕೈಯಲ್ಲಿದ್ದುದು ಒಂದು ಸೂಟ್‌ಕೇಸು.

ಉಡುಪಿಯ ಮನೆಗೆ ಬಂದ ಮೂರನೆಯ ದಿನ ನನ್ನ ತಾಯಿ ದೇವರ ಕೋಣೆಯಿಂದ ಒಂದು ಪಾಸ್‌ಬುಕ್ಕನ್ನು ತಂದು ನನ್ನ ಮುಂದಿಟ್ಟರು. ಮೊಮ್ಮಗಳು ಹುಟ್ಟಿದ ತಿಂಗಳಿನಿಂದ, ನಾನು ಅವರ ಕೈಖರ್ಚಿಗೆಂದು ಕಳುಹಿಸುತ್ತಿದ್ದ ಹಣದಲ್ಲಿ ದಿನಕ್ಕೆ 3 ರೂಪಾಯಿಯಂತೆ ಪಿಗ್ಮಿಗೆ ಕಟ್ಟಿದ್ದರು. ಅವಧಿ ಮುಗಿದಾಗಲೆಲ್ಲ ಮತ್ತೆ ತೊಡಗಿಸಿದ್ದರು. ಒಟ್ಟು 14,000 ರೂಪಾಯಿಗೆ ತುಸು ಹೆಚ್ಚು. ನಮ್ಮ ಅನಿವಾಸಿ ಠೇವಣಿಯ ಮುಂದೆ ಅದು ಸಣ್ಣ ಮೊತ್ತವೇ. ಆದರೆ ಠೇವಣಿಯನ್ನು ಮುರಿಯದೆ ಆ ವರ್ಷ ಮಗಳನ್ನು ಊರಿನ ಶಾಲೆಗೆ ಸೇರಿಸಿ ಸಂಸಾರ ನಡೆಸಿದುದು ಆ ಹಣದಿಂದ. ನನ್ನ ತಾಯಿ ಲೆಕ್ಕಪತ್ರವನ್ನು ಕಲಿತವರಲ್ಲ. ಲೆಕ್ಕಿಗನಾದ ನಾನು ಅಂದು ತಲೆತಗ್ಗಿಸಿ ಕುಳಿತೆ.

1991ರ ಫೆಬ್ರವರಿಯಲ್ಲಿ ಕುವೈತ್ ವಿಮೋಚನೆಗೊಂಡಿತು. ಅದೇ ವರ್ಷದ ಕೊನೆಗೆ ನಾನೊಬ್ಬನೇ ಮರಳಿದೆ. ಫರ್ವಾನಿಯಾದ ಒಂದು ಕೋಣೆಯಲ್ಲಿ ನಾಲ್ವರೊಡನೆ ವಾಸ. ಚೀಟಿಯ ಹಣವನ್ನು ಮೊದಲೇ ಪಡೆದಿದ್ದ ಏಳು ಜನರಲ್ಲಿ ನಾಲ್ವರು ಕುವೈತಿಗೆ ಹಿಂದಿರುಗಿ ತಮ್ಮ ಪಾಲನ್ನು ಸಲ್ಲಿಸಿದರು. ಇನ್ನೊಬ್ಬರು ಕೇರಳದ ತಮ್ಮ ಊರಿನಿಂದ 1994ರವರೆಗೂ ಸಣ್ಣ ಸಣ್ಣ ಡ್ರಾಫ್ಟುಗಳನ್ನು ಕಳುಹಿಸುತ್ತಲೇ ಇದ್ದರು. ಉಳಿದಿಬ್ಬರ ಸುದ್ದಿ ತಿಳಿಯಲಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ವಿಶ್ವಸಂಸ್ಥೆಯ ಪರಿಹಾರ ಆಯೋಗಕ್ಕೆ ನಾವೂ ಅರ್ಜಿ ತುಂಬಿದೆವು. ಕುವೈತನ್ನು ತೊರೆಯಬೇಕಾಗಿ ಬಂದ ಕುಟುಂಬಗಳಿಗೆ ನಿಗದಿತ ಮೊತ್ತ, ಇತರ ನಷ್ಟಕ್ಕೆ ವ್ಯಕ್ತಿಗೆ ಒಂದು ಲಕ್ಷ ಡಾಲರುಗಳವರೆಗೆ ಪ್ರತ್ಯೇಕ ಅರ್ಜಿ ಎಂಬ ವ್ಯವಸ್ಥೆಯದು. ನಮ್ಮ ಪಾಲು 1990ರ ದಶಕದ ಉತ್ತರಾರ್ಧದಲ್ಲಿ ಕಂತುಗಳಲ್ಲಿ ಬಂದಿತು. ಆ ಆಯೋಗವು ಒಟ್ಟು 52.4 ಶತಕೋಟಿ ಡಾಲರುಗಳ ಪಾವತಿಯನ್ನು ಮುಗಿಸಿದ್ದು 2022ರಲ್ಲಿ.

ಇದರ ನಡುವೆ, 1991ರ ಜುಲೈಯಲ್ಲಿ ಭಾರತ ಸರಕಾರ ರೂಪಾಯಿಯ ಅಪಮೌಲ್ಯ ಮಾಡಿತು. ದಿನಾರಿನಲ್ಲಿ ದುಡಿಯುವವನಿಗೆ ಇದರಿಂದ ಲಾಭವೇ ಆಯಿತು. ಆದರೆ ಮಗನನ್ನು ಅಮೆರಿಕದಲ್ಲಿ ಓದಿಸಲು ರೂಪಾಯಿಯಲ್ಲಿಯೇ ಎಲ್ಲವನ್ನೂ ಕೂಡಿಟ್ಟಿದ್ದ ನನ್ನ ಕೋಣೆಯ ಮಿತ್ರರೊಬ್ಬರು ಕಂಗಾಲಾದರು. ಮಗು ಯಾವ ದೇಶದಲ್ಲಿ ಖರ್ಚು ಮಾಡುವುದೋ ಆ ದೇಶದ ನಾಣ್ಯದಲ್ಲಿ ಒಂದು ಭಾಗವಾದರೂ ಇರಬೇಕೆಂಬುದನ್ನು ಕಂಡುಕೊಂಡದ್ದು ಆಗ. ವಿದೇಶಿ ನಾಣ್ಯದಲ್ಲಿಯೇ ಇಡುವ ಅನಿವಾಸಿ ಠೇವಣಿಗಳು ಭಾರತದ ಬ್ಯಾಂಕುಗಳಲ್ಲಿ ಇಂದಿಗೂ ಉಂಟು. ಊರಿನ ಬಂಧುಗಳು ಹೊಗಳುವ ಸುಕನ್ಯಾ ಸಮೃದ್ಧಿ ಯೋಜನೆಯಾಗಲಿ ಹೊಸ ಪಿ.ಪಿ.ಎಫ್. ಖಾತೆಯಾಗಲಿ ಅನಿವಾಸಿಗಳಿಗೆ ತೆರೆಯಲು ಬರುವುದಿಲ್ಲ ಎಂಬುದನ್ನೂ ಕಿರಿಯರು ಗಮನದಲ್ಲಿಡಬೇಕು.

ನನ್ನ ಗುರಿ ನಾಲ್ಕು ಲಕ್ಷ ರೂಪಾಯಿ. 1993ರ ಉನ್ನಿಕೃಷ್ಣನ್ ಪ್ರಕರಣದ ತೀರ್ಪಿನ ಬಳಿಕ ಕರ್ನಾಟಕದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಪ್ರತಿಭೆಯ ಸೀಟು, ಪೇಮೆಂಟ್ ಸೀಟು ಎಂಬ ವಿಂಗಡಣೆ ಬಂದಿತ್ತು. ಮಗಳಿಗೆ ಪೇಮೆಂಟ್ ಸೀಟೇ ಗತಿಯೆಂದು ನಾನೇ ತೀರ್ಮಾನಿಸಿದ್ದೆ. 1995ರ ವೇಳೆಗೆ ಗುರಿ ಮುಟ್ಟಿತು. ಆದರೂ ‘ಇನ್ನೆರಡು ವರ್ಷ’ ಎಂದು ಕುವೈತಿನಲ್ಲಿ ಒಬ್ಬನೇ ಉಳಿದೆ. ಪತ್ನಿಗೆ ಮೊತ್ತ ಗೊತ್ತಿತ್ತು, ಮಗಳಿಗೆ ಹೇಳಲಿಲ್ಲ. ಹಣದ ಮಾತು ಮಕ್ಕಳ ಕಿವಿಗೆ ಬೀಳಬಾರದೆಂಬುದು ನಮ್ಮ ಮನೆಯ ಸಂಪ್ರದಾಯ.

1997ರಲ್ಲಿ ಸಿ.ಇ.ಟಿ. ಫಲಿತಾಂಶ ಬಂದಾಗ ಮಗಳಿಗೆ ಎಂಜಿನಿಯರಿಂಗಿನಲ್ಲಿ ಪ್ರತಿಭೆಯ ಸೀಟೇ ದೊರೆಯಿತು. ರಜೆಯಲ್ಲಿ ಬಂದಿದ್ದ ನಾನು ಹಿಗ್ಗಿನಿಂದ ಠೇವಣಿಯ ರಸೀದಿಗಳನ್ನು ಅವಳಿಗೆ ತೋರಿಸಿದೆ. ಅವಳು ಒಂದೊಂದರ ತಾರೀಖನ್ನೂ ಓದಿದಳು. ಬಹಳ ಹೊತ್ತಿನ ಬಳಿಕ, “ಅಪ್ಪಾ, ಕುವೈತಿನಲ್ಲಿ ನಮ್ಮದೆಲ್ಲ ಹೋಯಿತೆಂದೇ ನಾನು ತಿಳಿದಿದ್ದೆ. ಸೀಟು ಸಿಗದಿದ್ದರೆ ನೀವು ಸಾಲ ಮಾಡುತ್ತೀರೆಂದು ಹೆದರಿ ರಾತ್ರಿಯೆಲ್ಲ ಓದಿದೆ. ಹಣ ಆಗಲೇ ಇತ್ತೆಂದು ತಿಳಿದಿದ್ದರೆ ಎರಡು ವರ್ಷ ಮೊದಲೇ ಬನ್ನಿರೆಂದು ಕರೆಯುತ್ತಿದ್ದೆ” ಎಂದಳು. ಅವಳ ಹನ್ನೆರಡರಿಂದ ಹದಿನೆಂಟರವರೆಗಿನ ವಯಸ್ಸನ್ನು ನಾನು ವರ್ಷಕ್ಕೆ ಒಂದು ತಿಂಗಳಂತೆ ಕಂಡಿದ್ದೆ. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ.

ಮಗಳು ಈಗ ನ್ಯೂಜೆರ್ಸಿಯಲ್ಲಿದ್ದಾಳೆ. ತನ್ನ ಮಗನ ಕಾಲೇಜಿಗಾಗಿ ಅಲ್ಲಿಯ ‘529’ ಯೋಜನೆಯಲ್ಲಿ ಹಣ ತೊಡಗಿಸುತ್ತಾಳೆ. ತಿಂಗಳಿಗೊಮ್ಮೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾತೆಯನ್ನು ತೋರಿಸುತ್ತಾಳೆ. ಇಷ್ಟು ಇದೆ, ಇಷ್ಟು ಬೇಕು, ನೀನು ಏನನ್ನು ಓದಬೇಕೆಂದಿರುವೆ ಎಂದು ಕೇಳುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಮುಜುಗರವಾಯಿತು. ಈಗ ನಾನೂ ಪಕ್ಕದಲ್ಲಿ ಕೂರುತ್ತೇನೆ.

ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ನನ್ನ ತಾಯಿಯ ಆ ಪಾಸ್‌ಬುಕ್ಕು ಮಾತ್ರ ನನ್ನ ಪೆಟ್ಟಿಗೆಯಲ್ಲಿ ಹಾಗೆಯೇ ಇದೆ. ಸಮ್ಮೇಳನಕ್ಕೆ ಬಂದಿರುವ ತರುಣ ತಂದೆತಾಯಿಗಳಲ್ಲಿ ಈ ಹಿರಿಯನ ವಿನಂತಿ ಇಷ್ಟೇ: ಕೂಡಿಡಿ, ಒಂದೇ ಕಡೆ ಇಡಬೇಡಿ, ಗುರಿಯ ಮೊತ್ತವನ್ನು ಬರೆದಿಡಿ, ಅದು ತುಂಬಿದ ದಿನ ಮಕ್ಕಳಿಗೆ ತಿಳಿಸಿ. ಮುಂದಿನ ದುಡಿಮೆ ಬೇಕೋ ಬೇಡವೋ ಎಂಬ ಲೆಕ್ಕದಲ್ಲಿ ಅವರದೂ ಒಂದು ಮಾತಿರಲಿ.