ಅಪ್ಪ ರಾತ್ರಿ ಕಾರು ಓಡಿಸ್ತಾರಾ?

ಎದುರಿಂದ ಲಾರಿ, ಹೈಬೀಮ್.
ಅಪ್ಪ ತಡಬಡಾಯಿಸಿ ಬ್ರೇಕ್ ಒತ್ತಿದ್ರಾ?

ರೇಗಬೇಡಿ. ಕಣ್ಣು ತೋರಿಸಿ.

ಪೊರೆ ಇರಬಹುದು.
ಬೋಂಡಾ ತಿಂದ ಕೈಯಲ್ಲೇ ಕನ್ನಡಕ ಒರೆಸಿ,
ಬೀದಿ ದೀಪ ನೋಡಿ.
ಬೆಳಕು ಹರಡಿ ಕಣ್ಣಿಗೆ ರಾಚುತ್ತಲ್ಲ?
ಪೊರೆಗಣ್ಣಿಗೆ ಪ್ರತಿ ಹೆಡ್‌ಲೈಟೂ ಹಾಗೇ.
ಇದಕ್ಕೆ ಆಪರೇಷನ್ ಇದೆ.

ನನಗೆ ಹೆಚ್ಚು ಭಯ ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆದ್ದು.
ಸಾಮಾನ್ಯವಾಗಿ ನೋವೇ ಇರಲ್ಲ.
ಎದುರಿನ ಬೋರ್ಡ್ ಸಲೀಸಾಗಿ ಓದ್ತಾರೆ,
ಪಕ್ಕದಿಂದ ನುಗ್ಗೋ ಬೈಕ್ ಕಾಣಲ್ಲ!
ಹೋದ ನೋಟ ವಾಪಸ್ ಬರಲ್ಲ.
ಉಳಿದದ್ದನ್ನ ಕಾಪಾಡೋಕೆ ಡ್ರಾಪ್ಸ್ ಇದೆ.

55 ದಾಟಿದ ಮೇಲೆ ಲೈಸೆನ್ಸ್ ರಿನ್ಯೂವಲ್ 5 ವರ್ಷಕ್ಕೊಮ್ಮೆ.
ಅಲ್ಲಿವರೆಗೆ ಕಾಯಬೇಡಿ,
ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಡಾಕ್ಟರ್ ಓಡಿಸಬಹುದು ಅಂದ್ರೆ,
ಹಗಲು ಹೊತ್ತು, ಗೊತ್ತಿರೋ ರಸ್ತೆ.
ಕೀ ಕಿತ್ಕೊಂಡು ಅವಮಾನ ಮಾಡಬೇಡಿ.
ಸಂಜೆ ರಿಸೆಪ್ಷನ್ ಇದ್ರೆ,
ಸ್ಟೇರಿಂಗ್ ನೀವು ಹಿಡೀರಿ.